ಎಲೆಕ್ಟ್ರಿಕ್ ಕಾರು: ಆಸೆ ಇದೆ, ಲೆಕ್ಕ ಕೂರ್ತಿಲ್ಲ

ಮದ್ದೂರು: ಶಿಂಷಾ ದಂಡೆಯ ವೈದ್ಯನಾಥಪುರದ ದೇವಸ್ಥಾನಕ್ಕೆ ಬೆಂಗಳೂರು ಕಡೆಯಿಂದ ಬರೋ ಗಾಡಿಗಳಲ್ಲಿ ಹಸಿರು ನಂಬರ್ ಪ್ಲೇಟಿನವೂ ಈಗ ಕಾಣಿಸ್ತವೆ. ನಮ್ಮವರು ಹತ್ತಿರ ಹೋಗಿ ನೋಡ್ತಾರೆ, ರೇಟು ಕೇಳ್ತಾರೆ, ಸುಮ್ಮನಾಗ್ತಾರೆ. ಯಾಕೆ?

ಮೊದಲನೇದು ಬೆಲೆ. ಎಲೆಕ್ಟ್ರಿಕ್ ಕಾರಿಗೆ 2019ರಿಂದ ಜಿಎಸ್‌ಟಿ ಶೇ 5 ಮಾತ್ರ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿಯೂ ಶೇ 28ರಿಂದ 18ಕ್ಕೆ ಇಳೀತು. ಟಾಟಾ ಟಿಯಾಗೋ ಪೆಟ್ರೋಲ್‌ನಲ್ಲಿ 5 ಲಕ್ಷದೊಳಗೆ ಶುರುವಾದ್ರೆ, ಅದೇ ಕಾರಿನ ಎಲೆಕ್ಟ್ರಿಕ್ ಮಾಡೆಲ್ 8 ಲಕ್ಷದ ಹತ್ತಿರ. ಅಂತರ 3 ಲಕ್ಷ. ಕೇಂದ್ರ ಪಿಎಂ ಇ-ಡ್ರೈವ್ ಸಬ್ಸಿಡಿ ತಂದದ್ದು ಸ್ಕೂಟರ್, ಬಸ್ಸುಗಳಂಥವಕ್ಕೆ. ಮನೆ ಕಾರಿಗೆ ಇಲ್ಲ.

ಈ 3 ಲಕ್ಷ ಹುಟ್ಟೋದು ಯಾವಾಗ? ಪೆಟ್ರೋಲ್ ಲೀಟರಿಗೆ 100 ದಾಟಿದೆ, ಕಿಲೋಮೀಟರಿಗೆ ಐದೂವರೆ ರೂಪಾಯಿಗೂ ಮೇಲೆ ಬೀಳುತ್ತೆ. ಕರೆಂಟಿಗೆ ಒಂದು ರೂಪಾಯಿ ಒಳಗೆ. ತಿಂಗಳಿಗೆ 500 ಕಿ.ಮೀ. ಓಡಿಸೋ ಅಂಗಡಿಯವರಿಗೆ ಹತ್ತು ವರ್ಷ ಬೇಕು.

ಇಲ್ಲೇ ಇನ್ನೊಂದು ಪೇಚು, ಗೃಹಜ್ಯೋತಿ. 500 ಕಿ.ಮೀ.ಗೆ 70 ಯೂನಿಟ್ ಮೇಲೆ ಬೇಕು. ಈಗ 140 ಯೂನಿಟ್ ಉರಿಸಿ ಸೊನ್ನೆ ಬಿಲ್ ಪಡೆಯೋ ಮನೆ, ಕಾರು ಬಂದ ತಿಂಗಳೇ 200 ದಾಟುತ್ತೆ. ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು, ನಿಗದಿತ ಶುಲ್ಕ ಸೇರಿ 1,500 ರೂಪಾಯಿ ಹತ್ತಿರ. ಪೆಟ್ರೋಲಲ್ಲಿ ಉಳಿಸಿದ 2,800ರಲ್ಲಿ ಕೈಗೆ ಸಿಗೋದು 1,300. ಹತ್ತು ವರ್ಷದ ಲೆಕ್ಕ ಹತ್ತೊಂಬತ್ತಾಯ್ತು!

ಹಂಗಾದ್ರೆ ಯಾರಿಗೆ ಲಾಭ? ತಿಂಗಳಿಗೆ 3,000 ಕಿ.ಮೀ. ಓಡೋ ಬಾಡಿಗೆ ಗಾಡಿಗೆ ಎರಡು ವರ್ಷದೊಳಗೆ ಅಸಲು ಬರುತ್ತೆ. ಆದ್ರೆ ಮದ್ದೂರಿಂದ ಬೆಂಗಳೂರಿಗೆ ಹೋಗಿಬರೋಕೆ 160 ಕಿ.ಮೀ., ಚಿಕ್ಕ ಬ್ಯಾಟರಿಗೆ ಅದೇ ಕೊನೆ. ದಾರೀಲಿ ಚಾರ್ಜ್ ಹಾಕಿದ್ರೆ ಮನೆ ರೇಟು ಸಿಗಲ್ಲ.

ದೇಶದಲ್ಲೇ ಮೊದಲು, 2017ರಲ್ಲಿ, ಎಲೆಕ್ಟ್ರಿಕ್ ವಾಹನ ನೀತಿ ತಂದಿದ್ದು ನಮ್ಮ ರಾಜ್ಯ. 2001ರಲ್ಲೇ ರೇವಾ ಕಾರು ರಸ್ತೆಗಿಳಿದದ್ದೂ ಬೆಂಗಳೂರಲ್ಲೇ. ನೀತಿ ಹಳ್ಳಿ ಮೀಟರ್ ಬೋರ್ಡ್ ತನಕ ಬಂದಿಲ್ಲ. ಕಾರಿನ ಕರೆಂಟನ್ನ ಗೃಹಜ್ಯೋತಿ ಲೆಕ್ಕದಿಂದ ಬೇರೆ ಮಾಡೋ ದಾರಿ ಹಳ್ಳಿಯವರಿಗೂ ಸುಲಭವಾಗಿ ಸಿಗಬೇಕು. ಅಲ್ಲೀತನಕ ಬುಕಿಂಗ್ ಮಾಡೋ ಮುಂಚೆ ನಿಮ್ಮ ಕರೆಂಟ್ ಬಿಲ್ ತೆಗೆದು ಯೂನಿಟ್ ನೋಡಿ. ಪ್ರತ್ಯೇಕ ಮೀಟರ್ ಸಿಗುತ್ತಾ ಅಂತ ಚೆಸ್ಕ್ ಕಚೇರೀಲಿ ಕೇಳಿ. ಷೋರೂಮಿಗೆ ಆಮೇಲೆ ಹೋಗೋಣ.