ಜೂಜಿನ ತೆರಿಗೆ: ದರಕ್ಕಿಂತ ಮೊದಲು ಸ್ಪಷ್ಟತೆ ಬೇಕು

ಜೂಜಿಗೆ ಹೆಚ್ಚಿನ ತೆರಿಗೆ ವಿಧಿಸಬೇಕೆಂಬುದನ್ನು ವರ್ತಕ ಸಮುದಾಯವು ವಿರೋಧಿಸಲಾರದು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದವರ ಸಂಬಳವು ಪಣಕ್ಕೆ ಹೋದಷ್ಟೂ ಟಿ. ದಾಸರಹಳ್ಳಿಯ ದಿನಸಿ, ಬಟ್ಟೆ, ಪಾತ್ರೆ ಅಂಗಡಿಗಳ ವ್ಯಾಪಾರ ಕುಗ್ಗುತ್ತದೆ. ಆದರೆ ತೆರಿಗೆಯನ್ನು ಯಾರು, ಯಾವ ಮೊತ್ತದ ಮೇಲೆ, ಯಾವ ದಿನದಿಂದ ವಿಧಿಸಬೇಕೆಂಬ ಮೂರು ಪ್ರಶ್ನೆಗಳು ವ್ಯವಹಾರಕ್ಕೆ ಮುನ್ನವೇ ಇತ್ಯರ್ಥವಾಗದಿದ್ದರೆ, ಅದರ ಕೇಡು ಜೂಜು ನಡೆಸುವವರಿಗಷ್ಟೇ ಸೀಮಿತವಾಗುವುದಿಲ್ಲ.

ಮೊದಲ ಪ್ರಶ್ನೆಗೆ ಕರ್ನಾಟಕದ ಲಾಟರಿ ತೆರಿಗೆಯೇ ನಿದರ್ಶನ. ರಾಜ್ಯ ಸರ್ಕಾರವು 2004ರಲ್ಲಿ ಲಾಟರಿ ತೆರಿಗೆ ಕಾಯ್ದೆಯನ್ನು ತಂದಿತು. 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. ಅನ್ಯ ರಾಜ್ಯಗಳ ಲಾಟರಿಗೆ ಹೀಗೆ ತೆರಿಗೆ ಹಾಕುವ ಅಧಿಕಾರ ಕರ್ನಾಟಕಕ್ಕೆ ಉಂಟೆಂದು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದದ್ದು 2022ರಲ್ಲಿ. ವ್ಯಾಪಾರ ನಿಂತು ಹದಿನೈದು ವರ್ಷಗಳಾದ ಮೇಲೆ ತೆರಿಗೆಯ ಸಿಂಧುತ್ವ ನಿರ್ಧಾರವಾಯಿತು! ಲಾಟರಿ ವಿತರಕರ ಮೇಲೆ ಕೇಂದ್ರವು ಸೇವಾ ತೆರಿಗೆ ವಿಧಿಸಲಾಗದು ಎಂಬ ತೀರ್ಪು ಬಂದದ್ದು 2025ರ ಫೆಬ್ರವರಿಯಲ್ಲಿ.

ಎರಡನೆಯದು ಮೊತ್ತದ ಪ್ರಶ್ನೆ. ಆಟಗಾರರು ಕಟ್ಟಿದ 100 ರೂಪಾಯಿಯಲ್ಲಿ 90 ರೂಪಾಯಿ ಗೆದ್ದವರಿಗೆ ಹೋಗಿ, 10 ರೂಪಾಯಿ ನಿರ್ವಾಹಕನಿಗೆ ಉಳಿಯುವುದೆಂದು ಭಾವಿಸೋಣ. ಶೇ. 28ರ ತೆರಿಗೆಯು ಉಳಿಕೆಯ ಮೇಲಾದರೆ 2.80 ರೂಪಾಯಿ, ಪೂರ್ಣ ಪಣದ ಮೇಲಾದರೆ 28 ರೂಪಾಯಿ, ಅಂದರೆ ಅವನ ಆದಾಯದ ಸುಮಾರು ಮೂರರಷ್ಟು. ಕುದುರೆ ಪಂದ್ಯದ ಬಗ್ಗೆ ಬೆಂಗಳೂರು ಟರ್ಫ್ ಕ್ಲಬ್ ಹೂಡಿದ್ದ ದಾವೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ, ಕ್ಲಬ್ಬಿಗೆ ದೊರೆಯುವ ಕಮಿಷನ್ ಮಾತ್ರ ತೆರಿಗೆಗೆ ಒಳಪಡುತ್ತದೆಂದು ಹೇಳಿತು. ಲಾಟರಿಯ ವಿಷಯದಲ್ಲಾದರೋ ಬಹುಮಾನದ ಹಣವೂ ಸೇರಿದ ಮುಖಬೆಲೆಯ ಮೇಲಿನ ತೆರಿಗೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿಯೇ ಒಪ್ಪಿತ್ತು. ಬ್ರಿಟನ್ 2001ರಲ್ಲಿ ಪಣದ ಮೇಲಿನ ಸುಂಕವನ್ನು ಕೈಬಿಟ್ಟು, ನಿರ್ವಾಹಕರ ಒಟ್ಟು ಲಾಭದ ಮೇಲೆ ಶೇ. 15ರ ತೆರಿಗೆಯನ್ನು ಜಾರಿಗೆ ತಂದಿತು. ಪಣದ ವ್ಯವಹಾರವು ಜಿಬ್ರಾಲ್ಟರಿನಂಥ ಕಡೆಗೆ ವಲಸೆ ಹೋಗುತ್ತಿದ್ದುದೇ ಅದಕ್ಕೆ ಕಾರಣ.

ಮೂರನೆಯದು ದಿನಾಂಕದ ಪ್ರಶ್ನೆ. ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್ ಸಂಸ್ಥೆಗೆ 2022ರಲ್ಲಿ ಹಿಂದಿನ ವರ್ಷಗಳ ಬಾಬ್ತು ಸುಮಾರು 21,000 ಕೋಟಿ ರೂಪಾಯಿಗಳ ಜಿ.ಎಸ್.ಟಿ. ನೋಟಿಸು ಜಾರಿಯಾಯಿತು. ರಾಜ್ಯದ ಉಚ್ಚ ನ್ಯಾಯಾಲಯವು 2023ರ ಮೇ ತಿಂಗಳಲ್ಲಿ ಅದನ್ನು ರದ್ದುಗೊಳಿಸಿತು; ಸೆಪ್ಟೆಂಬರ್‌ನಲ್ಲಿ ಆ ತೀರ್ಪಿಗೆ ಸರ್ವೋಚ್ಚ ನ್ಯಾಯಾಲಯದ ತಡೆ ಬಂದಿತು. ಅದೇ ವರ್ಷದ ಅಕ್ಟೋಬರ್ 1ರಿಂದ, ಆಟಗಾರರು ಕಟ್ಟುವ ಪೂರ್ಣ ಹಣದ ಮೇಲೆ ಶೇ. 28 ಎಂದು ಕಾನೂನು ತಿದ್ದುಪಡಿಯಾಯಿತು. ಇದು ಹಳೆಯ ಕಾನೂನಿನ ವಿವರಣೆ ಮಾತ್ರವೆಂಬುದು ಸರ್ಕಾರದ ವಾದ. ಹೊಸ ತೆರಿಗೆಯೆಂಬುದು ಸಂಸ್ಥೆಗಳ ವಾದ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಲಾಟರಿಯ ಮೇಲಿನ ದರವು ಸೆಪ್ಟೆಂಬರ್ 22ರಿಂದ ಶೇ. 40ಕ್ಕೆ ಏರಿತು.

ಇದರಲ್ಲಿ ಸಣ್ಣ ಕೈಗಾರಿಕೆಗಳಿಗೇನು ಪಾಠ? ಜಾಬ್ ವರ್ಕ್ ಬಿಲ್ಲಿಗೆ ಒಂದು ದರದಲ್ಲಿ ತೆರಿಗೆ ಕಟ್ಟಿದ ಕಾರ್ಖಾನೆಗೆ, ಹೆಚ್ಚಿನ ದರ ಅನ್ವಯಿಸುತ್ತಿತ್ತೆಂದು ಮೂರು ವರ್ಷಗಳ ಬಳಿಕ ನೋಟಿಸು ಬಂದರೆ, ಆ ವ್ಯತ್ಯಾಸವನ್ನು ಹಳೆಯ ಗಿರಾಕಿಯಿಂದ ವಸೂಲು ಮಾಡುವುದು ಕಷ್ಟ. ಜೊತೆಗೆ ಬಡ್ಡಿ, ದಂಡ. ದೊಡ್ಡ ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದೀತು. ಎರಡು ಲೇತ್ ಇಟ್ಟುಕೊಂಡವನು ಎಲ್ಲಿಗೆ ಹೋಗಬೇಕು?

ಆದುದರಿಂದ ಜಿ.ಎಸ್.ಟಿ. ಮಂಡಳಿಯು ಒಂದು ನಿಯಮಕ್ಕೆ ಬದ್ಧವಾಗಬೇಕು: ಅಸ್ಪಷ್ಟವಾಗಿದ್ದ ತೆರಿಗೆಯನ್ನು ತಿದ್ದುಪಡಿಯಿಂದ ಸ್ಪಷ್ಟಪಡಿಸಿದಾಗ, ಅದು ಮುಂದಿನ ವ್ಯವಹಾರಗಳಿಗೆ ಮಾತ್ರ ಅನ್ವಯಿಸತಕ್ಕದ್ದು. ಜೂಜನ್ನು ಸರ್ಕಾರ ನಿಷೇಧಿಸಲಿ, ಇಲ್ಲವೇ ಭಾರಿ ತೆರಿಗೆ ಹಾಕಲಿ. ಆದರೆ ತೆರಿಗೆಯೇ ಜೂಜಾಗಬಾರದು.