ಮಳೆಯಲ್ಲಿ ಕೊಳೆಯುವ ಎಣ್ಣೆ

ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ರಬ್ಬರು ತೋಟಗಳಲ್ಲಿ ಪ್ರತಿ ಮಳೆಗಾಲದಲ್ಲಿಯೂ ಬೀಜವು ನೆಲಕ್ಕೆ ಬಿದ್ದು ಬಹುಮಟ್ಟಿಗೆ ಅಲ್ಲಿಯೇ ಕೊಳೆತುಹೋಗುವುದನ್ನು ನಮ್ಮ ವಾಚಕರಲ್ಲಿ ಕಾಣದವರು ವಿರಳ. ಅದೇ ತೋಟಗಳ ಬದಿಯಲ್ಲಿ ವಾಮದಪದವಿಗೆ ಓಡುವ ಬಸ್ಸು ಲಾರಿಗಳ ಡೀಸೆಲಾದರೋ ಹೆಚ್ಚಾಗಿ ಪರದೇಶದ ಕಚ್ಚಾ ತೈಲದಿಂದ ಬರತಕ್ಕದ್ದು. ಇದನ್ನು ನೋಡಿಯೂ ಸುಮ್ಮನಿರುವುದು ವಿವೇಕವೇ?

ಬೀಜದ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ರೂಢಿಯ ವಿಧಾನವೇನೂ ಗುಟ್ಟಲ್ಲ. ಎಣ್ಣೆಗೆ ಮೆಥನಾಲನ್ನೂ, ವೇಗವರ್ಧಕವಾಗಿ ಕಾಸ್ಟಿಕ್ ಸೋಡಾದಂಥ ಕ್ಷಾರವನ್ನೂ ಬೆರಸಿ ಸುಮಾರು 60 ಡಿಗ್ರಿಗೆ ಕಾಯಿಸಿದರೆ ಗ್ಲಿಸರಿನ್ ಕೆಳಗಿಳಿದು ಇಂಧನವು ಮೇಲೆ ನಿಲ್ಲುವುದು. ಶುದ್ಧವಾದ ಎಣ್ಣೆಗೆ ಇಷ್ಟು ಸಾಕು. ಆದರೆ ಕರಾವಳಿಯ ತೇವಕ್ಕೆ ಸಿಕ್ಕಿದ ಬೀಜದ ಗತಿಯೇ ಬೇರೆ. ಅದರ ಎಣ್ಣೆಯಲ್ಲಿ ಆಮ್ಲವು ಹೆಚ್ಚಿ, ಕ್ಷಾರದೊಡನೆ ಕೂಡಿ ಸಾಬೂನಾಗುತ್ತದೆ. ಇಂಧನವನ್ನು ಬಯಸಿದವನಿಗೆ ನೊರೆ ದೊರೆಯುತ್ತದೆ! ಕಲ್ಲಿಕೋಟೆಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯವರು 2005ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ರಬ್ಬರು ಬೀಜದ ಎಣ್ಣೆಯ ಆಮ್ಲಾಂಶವು ಶೇಕಡಾ 17ರಷ್ಟಿದ್ದು, ಅವರು ಮೊದಲು ಆಮ್ಲದಿಂದಲೂ ಬಳಿಕ ಕ್ಷಾರದಿಂದಲೂ ಅದನ್ನು ಎರಡು ಬಾರಿ ಸಂಸ್ಕರಿಸಬೇಕಾಯಿತು.

ಈ ತೊಡಕನ್ನು ಮೂಲದಲ್ಲಿಯೇ ಕಳೆಯುವ ದಾರಿಯೊಂದುಂಟು. ಮೆಥನಾಲನ್ನು 239 ಡಿಗ್ರಿ ಸೆಂಟಿಗ್ರೇಡಿನ ಬಿಸಿಯನ್ನೂ ವಾಯುಭಾರದ ಸುಮಾರು 80 ಪಟ್ಟು ಒತ್ತಡವನ್ನೂ ದಾಟಿಸಿದರೆ, ಅದು ದ್ರವವೂ ಅಲ್ಲದ ಅನಿಲವೂ ಅಲ್ಲದ ಅವಸ್ಥೆಗೆ ಬಂದು ಎಣ್ಣೆಯೊಡನೆ ಬೆರೆಯುವುದು. ಆಗ ವೇಗವರ್ಧಕವೇ ಬೇಡ, ಸಾಬೂನೂ ಇಲ್ಲ. ಆಮ್ಲವು ಸಹ ಇಂಧನವಾಗಿ ಪರಿಣಮಿಸುವುದು. ಜಪಾನಿನ ಸಾಕಾ, ಕುಸ್ದಿಯಾನಾ ಎಂಬವರು 2001ರಲ್ಲಿ 350 ಡಿಗ್ರಿಯಲ್ಲಿ ನಾಲ್ಕೇ ನಿಮಿಷಗಳೊಳಗೆ ಇದನ್ನು ಸಾಧಿಸಿ ತೋರಿಸಿದರು. ನಮ್ಮ ಬೆಂಗಳೂರೂ ಹಿಂದೆ ಬೀಳಲಿಲ್ಲ. ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಗಿರಿಧರ್ ಮದ್ರಾಸರೂ ಅವರ ಸಂಗಡಿಗರೂ 2004ರಲ್ಲಿ ಸೂರ್ಯಕಾಂತಿ ಎಣ್ಣೆಯ ಮೇಲೆಯೂ, 2007ರಲ್ಲಿ ಹೊಂಗೆ, ಜತ್ರೋಫಾ ಮೊದಲಾದ ಎಣ್ಣೆಗಳ ಮೇಲೆಯೂ ಇದೇ ಪ್ರಯೋಗವನ್ನು ಪ್ರಕಟಿಸಿದರು.

ಆಕ್ಷೇಪಗಳಿಲ್ಲವೆಂದಲ್ಲ. ರೂಢಿಯ ವಿಧಾನದಲ್ಲಿ ಎಣ್ಣೆಯ ಒಂದು ಅಣುವಿಗೆ ಮೆಥನಾಲಿನ ಆರು ಅಣು ಸಾಕಾದರೆ ಜಪಾನಿನವರು 42ನ್ನು ಬಳಸಿದರು. ಮಿಕ್ಕಿದ್ದನ್ನು ಹಿಂದಕ್ಕೆ ಪಡೆಯದಿದ್ದರೆ ಲೆಕ್ಕವೇ ಕೂಡದು. ಅಂಥ ಒತ್ತಡವನ್ನು ತಾಳುವ ಉಕ್ಕಿನ ಪಾತ್ರೆಗಳೂ ದುಬಾರಿ. ಊರೂರಿಗೊಂದು ಯಂತ್ರವೆಂಬ ಮಾತನ್ನು ನಾವು ಒಪ್ಪೆವು; ಅದು ಗಾಣವಲ್ಲ, ಸಿಡಿದರೆ ಪ್ರಾಣಕ್ಕೇ ಎರವು. ಆದರೆ ಬಿಸಿ ಒತ್ತಡಗಳ ಪಾತ್ರೆಗಳನ್ನು ಹಗಲಿರುಳು ನಡೆಸಬಲ್ಲ ಜನರು ಮಂಗಳೂರಿನ ತೈಲ ಶುದ್ಧೀಕರಣಾಗಾರದಲ್ಲಿಯೇ ಇರುವಾಗ, ಜಿಲ್ಲೆಗೊಂದು ಯಂತ್ರವನ್ನಾದರೂ ಅಲ್ಲಿ ಹೂಡಿ ನೋಡಲು ಅಡ್ಡಿಯೇನು? 2030ರೊಳಗೆ ಡೀಸೆಲಿಗೆ ಶೇಕಡಾ 5ರಷ್ಟು ಬಯೋಡೀಸೆಲ್ ಬೆರಸಬೇಕೆಂದು ಕೇಂದ್ರ ಸರಕಾರದವರು 2018ರಲ್ಲಿಯೇ ನೀತಿಯನ್ನು ಸಾರಿರುವರು. ಕೇವಲ ಸಾರಿದ ಮಾತ್ರಕ್ಕೆ ಎಣ್ಣೆ ಹರಿಯುವುದಿಲ್ಲ.

ಜಡಿಮಳೆಯಲ್ಲಿ ಬೆನ್ನು ಬಗ್ಗಿಸಿ ಬೀಜ ಹೆಕ್ಕುವವರು ಬಹುಮಟ್ಟಿಗೆ ಕೂಲಿಯ ಹೆಂಗಸರು. ಗೋಣಿ ತುಂಬಿದ ಮೇಲೆ ಕೊಳ್ಳುವವರಿಲ್ಲವೆಂದರೆ ಮರುವರ್ಷ ಅವರು ಆ ಕಡೆ ತಲೆಹಾಕುವರೇ? ಬೀಜವನ್ನು ಕೊಳ್ಳುವ ಹೊಣೆಯನ್ನು ಊರಿನ ಸಹಕಾರಿ ಸಂಘಗಳಿಗೆ ವಹಿಸಿ, ಒಣಗಿಸಲು ಮಾಡು ಹಾಕಿಸಿ, ಬರುವ ಆಟಿ ತಿಂಗಳಿಗೆ ಮೊದಲೇ ಸೇರಿಗಿಷ್ಟೆಂದು ದರವನ್ನು ಸರಕಾರದವರು ಪ್ರಕಟಿಸತಕ್ಕದ್ದು.