ಗಡಿಯಾರಕ್ಕೂ ಕಾವಲು ಬೇಕು

ಯಾವ ದಿನ, ಯಾವ ಹೊತ್ತಿನಲ್ಲಿ ಬರೆದುದೆಂದು ತಿಳಿಯದ ಲೆಕ್ಕವನ್ನು ಯಾರೂ ನಂಬುವುದಿಲ್ಲ. ಇಂದು ಬ್ಯಾಂಕು, ಆಸ್ಪತ್ರೆ, ರೈಲ್ವೆಗಳ ಲೆಕ್ಕಪತ್ರಗಳು ಗಣಕಯಂತ್ರವನ್ನು ಸೇರಿವೆ. ಯಾರು ಒಳಬಂದರು, ಯಾವ ಕಡತವನ್ನು ತಿದ್ದಿದರು ಎಂಬುದನ್ನು ಯಂತ್ರದ ಕಾರ್ಯಾಚರಣ ವ್ಯವಸ್ಥೆಯು ಒಂದು ದಿನಚರಿಯಲ್ಲಿ ದಾಖಲಿಸಬಲ್ಲುದು. ಇದಕ್ಕೆ ‘ಲಾಗ್’ ಎಂದು ಹೆಸರು. ಅದರ ಪ್ರತಿಯೊಂದು ದಾಖಲೆಯ ಜೊತೆಗೂ ವೇಳೆ ನಮೂದಾಗಿರುತ್ತದೆ.

ಆದರೆ ಆ ವೇಳೆಯನ್ನು ಹೇಳುವುದು ಯಂತ್ರದೊಳಗಿನ ಗಡಿಯಾರ. ಅದನ್ನೇ ಬದಲಿಸಿದರೆ ಗತಿಯೇನು? ಹಲವರು ಬಳಸುವ ಖಾತೆಯೊಂದರಿಂದ ಒಬ್ಬನು ರಾತ್ರಿ 10 ಗಂಟೆಗೆ ಒಳಹೊಕ್ಕು, ಗಡಿಯಾರವನ್ನು ಮಧ್ಯಾಹ್ನ 2 ಗಂಟೆಗೆ ಹಿಂದೆ ಸರಿಸಿ, ಕಡತವನ್ನು ತಿದ್ದಿ, ಮತ್ತೆ ಸರಿಪಡಿಸಿದನೆನ್ನೋಣ. ದಿನಚರಿಯ ವೇಳೆಯನ್ನಷ್ಟೇ ನೋಡುವವರಿಗೆ ಆ ಕೃತ್ಯವು ಮಧ್ಯಾಹ್ನ ನಡೆದಂತೆ ತೋರುತ್ತದೆ. ಆಗ ಕೆಲಸದಲ್ಲಿದ್ದ ನಿರಪರಾಧಿಯ ಮೇಲೆ ಸಂಶಯ ಬೀಳುತ್ತದೆ, ಅಪರಾಧಿಯು ಪಾರಾಗುತ್ತಾನೆ.

ಆದುದರಿಂದ ಗಡಿಯಾರದ ಬದಲಾವಣೆಯನ್ನೂ ದಾಖಲಿಸುವುದು ಅತ್ಯಗತ್ಯ. ಇದಕ್ಕೆ ಸಾಧನಗಳಿಲ್ಲದೆ ಇಲ್ಲ. ವಿಂಡೋಸ್ ವ್ಯವಸ್ಥೆಯಲ್ಲಿ 4616 ಎಂಬ ಸಂಖ್ಯೆಯ ದಾಖಲೆಯು ವೇಳೆಯನ್ನು ಬದಲಿಸಿದ ಖಾತೆ ಯಾವುದು, ಹಿಂದಿನ ವೇಳೆ ಎಷ್ಟು, ಹೊಸ ವೇಳೆ ಎಷ್ಟು ಎಂಬುದನ್ನು ತಿಳಿಸುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿಯೂ ವೇಳೆಯನ್ನು ಬದಲಿಸುವ ಕರೆಗಳ ಮೇಲೆ ಕಣ್ಣಿಡುವಂತೆ ನಿಯಮಗಳನ್ನು ಬರೆದಿಡಬಹುದು.

ಇದಕ್ಕೆ ಆಕ್ಷೇಪಣೆಯೂ ಉಂಟು. ಯಂತ್ರದ ಗಡಿಯಾರವು ಸ್ವಲ್ಪ ಹಿಂದೆಮುಂದೆ ಆಗುವುದು ಸಹಜ. 1985ರಲ್ಲಿ ರೂಪುಗೊಂಡ ‘ಎನ್‌ಟಿಪಿ’ ಎಂಬ ಪದ್ಧತಿಯು ಜಾಲದ ಮೂಲಕ ಅದನ್ನು ಆಗಾಗ ಸರಿಪಡಿಸುತ್ತದೆ. ಇವನ್ನೆಲ್ಲ ದಾಖಲಿಸಿದರೆ ದಿನಚರಿಯು ತುಂಬಿಹೋಗಿ, ನಿಜವಾದ ಮೋಸವು ಅದರಲ್ಲಿ ಅಡಗೀತು ಎಂದು ಕೆಲವರು ಹೇಳುವರು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ವ್ಯವಸ್ಥೆಯು ತಾನಾಗಿ ಮಾಡಿದ ಕ್ಷಣಮಾತ್ರದ ತಿದ್ದುಪಡಿಯನ್ನೂ, ಮನುಷ್ಯನು ಮಾಡಿದ ಗಂಟೆಗಟ್ಟಲೆಯ ಬದಲಾವಣೆಯನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಬರೆದುದನ್ನು ಜರಡಿ ಹಿಡಿಯಬಹುದು. ಬರೆಯದುದನ್ನು ಎಲ್ಲಿ ಹುಡುಕುವುದು?

ನಮ್ಮ ದೇಶದ ‘ಸರ್ಟ್-ಇನ್’ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಗಣಕಯಂತ್ರಗಳ ವೇಳೆಯನ್ನು ಅಧಿಕೃತ ಮೂಲದೊಡನೆ ಹೊಂದಿಸಬೇಕೆಂದೂ ದಿನಚರಿಗಳನ್ನು 180 ದಿನ ಕಾಪಾಡಬೇಕೆಂದೂ ವಿಧಿಸಿತು. ಇದು ಸ್ತುತ್ಯವಾದ ಕ್ರಮ. ಇದರೊಡನೆ ಗಡಿಯಾರದ ಬದಲಾವಣೆಯ ದಾಖಲೆಯು ಕೂಡಲೆ ಬೇರೊಂದು ಯಂತ್ರಕ್ಕೆ ರವಾನೆಯಾಗಬೇಕು. ಇಲ್ಲವಾದರೆ ಗಡಿಯಾರವನ್ನು ತಿರುಗಿಸಿದ ಕೈಯೇ ಅದರ ಗುರುತನ್ನೂ ಅಳಿಸೀತು. ಇಂತಹ ಎಚ್ಚರವು ಕಳ್ಳನನ್ನು ಹಿಡಿಯಲು ಮಾತ್ರವಲ್ಲ, ತಪ್ಪು ಮಾಡದವನನ್ನು ಕಾಯಲೂ ಬೇಕು.